ಬಾವಿಗಿಳಿದ ಹಗ್ಗದಕ್ಕ

ಇಪ್ಪತ್ತೆಂಟು ವರ್ಷ ನಾರು ಹೊಸೆದು ಹೊಸೆದು ಆಕೆಯ ಅಂಗೈ ಜಡ್ಡುಗಟ್ಟಿತ್ತು. ಬೀದಿಯವರಿಗೆಲ್ಲ ಅವಳು ಹಗ್ಗದಕ್ಕ. ತಾನು ಹೊಸೆದ ಹಗ್ಗ ತುಂಡಾಯಿತು ಎಂಬ ಮಾತನ್ನು ಅವಳು ಕೇಳಿಯೇ ಇರಲಿಲ್ಲ. ಈಗ ಒಂದೇ ತಿಂಗಳಲ್ಲಿ ಬೀದಿಯ ಬಾವಿಹಗ್ಗ ನಾಲ್ಕು ಸಲ ತುಂಡಾಗಿ, ನಾಲ್ಕು ಕೊಡಗಳು ನೀರುಪಾಲಾಗಿದ್ದವು.

"ವಯಸ್ಸಾಯ್ತಲ್ಲ ಅಕ್ಕ, ಕೈ ಹಿಡಿತ ತಪ್ಪಿರ್ಬೇಕು," ಎಂದಳು ಎದುರುಮನೆಯ ದರ್ಜಿಯ ಹೆಂಡತಿ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ತುಂಡಾದ ತುದಿಯನ್ನು ತಂದು ತಮ್ಮನ ಮುಂದೆ ಹಿಡಿದಳು. ತಮ್ಮ ಹಿಂದಿನ ಕೋಣೆ ಬಿಟ್ಟು ಹೊರಬರುವವನಲ್ಲ. ಹರೆಯದಲ್ಲಿ ಗಡಿಕಲ್ಲು ದಾಟಿ ಹೋಗಿ ಮೃಗಗಳೊಡನೆ ಕಾದಾಡಿ ಬಂದವನು. ಅಂಥವರನ್ನು ಆ ರಾಜ್ಯದಲ್ಲಿ ಸಾಹಸಿ ಎನ್ನುತ್ತಿದ್ದರು. ಕಳ್ಳ ಎಂಬುದಕ್ಕಿಂತ ಕೆಟ್ಟ ಬೈಗುಳ ಅದು. ಸಿಕ್ಕಿಬಿದ್ದವರ ಕೆನ್ನೆಗೆ ನೀಲಿ ಹಚ್ಚೆ ಬೀಳುತ್ತಿತ್ತು; ತಮ್ಮನಿಗೂ ಬಿದ್ದಿತ್ತು. ಆಮೇಲೆ ಅವರು ಅಂಗಡಿ ಇಡುವಂತಿಲ್ಲ, ಕಚೇರಿಯ ಮೆಟ್ಟಿಲು ಹತ್ತುವಂತಿಲ್ಲ. ಯಾರಾದರೂ ಹಿಡಿದು ಬಡಿದರೂ ಕೇಳುವವರಿಲ್ಲ.

ತಮ್ಮ ಹಗ್ಗದ ತುದಿಯನ್ನು ಮೂಸಿ ನೋಡಿದ. "ಸವೆದಿದ್ದಲ್ಲ, ಕಚ್ಚಿದ್ದು. ಕುರುಡು ಉಡ. ಕರುವಿನಷ್ಟು ಬೆಳೆಯುತ್ತೆ. ಗಡಿಯಾಚೆಯಿಂದ ಸುರಂಗ ಕೊರೆದು ಬಂದಿರ್ಬೇಕು. ನೀನು ಸುಮ್ನಿರು ಅಕ್ಕ."

ಅಕ್ಕ ಸುಮ್ಮನಿರಲಿಲ್ಲ. ಬೀದಿಯವರಿಗೆಲ್ಲ ಹೇಳಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಚೇರಿಗೆ ಐದು ಸಲ ಅಲೆದಳು. ಐದನೆಯ ಸಲ ಗುಮಾಸ್ತ ತಲೆಯೆತ್ತಿದ.

"ಮೃಗಗಳು ಇಲ್ಲ ಅಂತ ಡಂಗುರ ಸಾರಿ ಹನ್ನೆರಡು ವರ್ಷ ಆಯ್ತಮ್ಮ. ಅರ್ಜಿಯಲ್ಲಿ ಮೃಗ ಅಂತ ಬರೆಯೋಕೆ ಜಾಗವೇ ಇಲ್ಲ."

"ಹಾಗಾದ್ರೆ ಹಗ್ಗ ಕಚ್ಚಿದ್ದು ಯಾರು, ನಾನಾ?"

"ಹಗ್ಗದ ದೋಷ ಅಂತ ಬರ್ಕೊಳ್ತೀನಿ. ಹೆಬ್ಬೆಟ್ಟು ಒತ್ತಿ."

ಅವಳು ಹೆಬ್ಬೆಟ್ಟು ಒತ್ತದೆ ಎದ್ದು ಬಂದಳು. ಮಾರನೆಯ ದಿನ ನೀರು ಸೇದುತ್ತಿದ್ದ ದರ್ಜಿಯ ತಾಯಿಯ ಕೈಯಲ್ಲಿದ್ದ ಹಗ್ಗವನ್ನು ಕೆಳಗಿನಿಂದ ಏನೋ ಜಗ್ಗಿ, ಮುದುಕಿ ಬಾವಿಗೆ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಅಂಗೈ ಚರ್ಮ ಸುಲಿದುಹೋಗಿತ್ತು. ಆಗಲೂ ಜನ ತಿರುಗಿ ನೋಡಿದ್ದು ಹಗ್ಗದಂಗಡಿಯ ಕಡೆಗೇ.

ಅಕ್ಕ ಸೆರಗು ಬಿಗಿದು, ತೋಳಿನಷ್ಟು ದಪ್ಪದ ಹಗ್ಗಕ್ಕೆ ಕುಣಿಕೆ ಹಾಕಿ, ನಡುಮಧ್ಯಾಹ್ನ ಬಾವಿಕಟ್ಟೆ ಹತ್ತಿದಳು. "ಮೇಲೆ ಹಿಡಿಯೋರು ಬೇಕಲ್ಲ," ಎನ್ನುತ್ತ ತಮ್ಮ ಎಷ್ಟೋ ವರ್ಷಗಳ ಮೇಲೆ ಬೀದಿಗೆ ಬಂದ.

ಅಕ್ಕ ಗೋಡೆಯ ಮೆಟ್ಟುಕಲ್ಲು ಹಿಡಿದು ಇಳಿದಳು. ಕೆಳಗೆ ಕತ್ತಲೆ, ಕೊಳೆತ ವಾಸನೆ. ಬೆಳ್ಳಗಿನ, ಕಣ್ಣಿಲ್ಲದ ತಲೆಯೊಂದು ನೀರಿನಿಂದ ಎದ್ದಿತು. ಅವಳು ಹಗ್ಗದ ತುದಿಯನ್ನು ಅದರ ಬಾಯಿಗೇ ಕೊಟ್ಟಳು. ಕಚ್ಚಿದ್ದನ್ನು ಅದು ಬಿಡಲಿಲ್ಲ. ಕುಣಿಕೆಯನ್ನು ಅದರ ಕುತ್ತಿಗೆಗೆ ದಾಟಿಸಿ, "ಎಳೀರಿ," ಎಂದು ಕೂಗಿದಳು. ದರ್ಜಿಯೂ ಅಕ್ಕಪಕ್ಕದವರೂ ಕೈ ಹಚ್ಚಿದರು. ಕಟ್ಟೆಯ ಮೇಲೆ ಬಂದು ಬಿದ್ದ ಉಡವನ್ನು ತಮ್ಮ ಒನಕೆಯಿಂದ ಹೊಡೆದು ಮುಗಿಸಿದ. ಹಗ್ಗ ಮಾತ್ರ ತುಂಡಾಗಿರಲಿಲ್ಲ.

ಕಾವಲಿನವರು ಬಂದು ಉಡಕ್ಕೆ ಗೋಣಿ ಮುಚ್ಚಿ ಹೊತ್ತೊಯ್ದರು. ಅಕ್ಕನನ್ನೂ ಕರೆದೊಯ್ದರು. ತಮ್ಮನನ್ನು ನೋಡಿ ಒಬ್ಬ, "ಇವನ ಕೆನ್ನೆಯಲ್ಲಿ ಜಾಗ ಖಾಲಿ ಇಲ್ಲ," ಎಂದು ನಕ್ಕ.

"ಮೃಗವೇ ಇಲ್ಲ ಅಂದ್ಮೇಲೆ ನಾನು ಮಾಡಿದ ಸಾಹಸ ಯಾವುದು?" ಎಂದು ಕಚೇರಿಯಲ್ಲಿ ಅಕ್ಕ ಗುಮಾಸ್ತನನ್ನು ಕೇಳಿದಳು.

"ಬಾವಿಗೆ ಇಳಿದಿದ್ದು," ಎಂದ ಅವನು, ಬರೆಯುತ್ತಲೇ.

ಹಚ್ಚೆಯ ಗಾಯ ಒಣಗುವಷ್ಟರಲ್ಲಿ ಅಂಗಡಿಯ ಬಾಗಿಲಿಗೆ ಮೊಹರು ಬಿದ್ದಿತ್ತು. ಹಿತ್ತಲ ಬಾಗಿಲಲ್ಲಿ ಹಗ್ಗ ಕೇಳಲು ಬಂದ ದರ್ಜಿಯ ಹೆಂಡತಿ ದನಿ ತಗ್ಗಿಸಿ, "ಉಡ ಇದೆ ಅಂತ ಮೊದಲೇ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕ?" ಎಂದಳು. ಅಕ್ಕ ಹಗ್ಗವನ್ನು ಅವಳ ಕೈಗೆ ತುರುಕಿ ಬಾಗಿಲು ಹಾಕಿಕೊಂಡಳು.

ಈಗ ಅಕ್ಕ ಹಿತ್ತಲಲ್ಲೇ ಹೊಸೆಯುತ್ತಾಳೆ. ರಾಟೆ ತಿರುಗಿಸುವುದು ತಮ್ಮ. ಒಮ್ಮೆ ಜೋರು, ಒಮ್ಮೆ ನಿಧಾನ. ಹುರಿ ಸಮನಾಗಿ ಬರುವುದೇ ಇಲ್ಲ. "ಮೃಗ ಹೊಡೆಯೋಕೆ ಬರುತ್ತೆ, ಒಂದು ರಾಟೆ ತಿರುಗಿಸೋಕೆ ಬರಲ್ವಲ್ಲೋ," ಎಂದು ಅವಳು ದಿನವೂ ಬೈಯುತ್ತಾಳೆ; ಮತ್ತೆ ಎಳೆ ಬಿಚ್ಚಿ ಮೊದಲಿನಿಂದ ಶುರುಮಾಡುತ್ತಾಳೆ.