ಬಿಟ್ಟುಹೋದ ಹದಿನಾರು ಪುಟ

ಬೀದಿಯವರಿಗೆಲ್ಲ ಅವಳು ಹಲೋ ಮೇಡಂ. ಮೂವತ್ತೇಳು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಅವರಿವರ ಟ್ರಂಕ್ ಕಾಲ್ ಜೋಡಿಸಿಕೊಟ್ಟವಳು. ಯಾರು ಬಾಗಿಲು ತಟ್ಟಿದರೂ ಬಾಯಿಗೆ ಮೊದಲು ಬರುವುದು 'ಹಲೋ' ಎಂದೇ. ನಿವೃತ್ತಿಯಾದ ಮೇಲೆ ಕಾಲು ಚಾಚಿ ಕೂರಬಹುದಿತ್ತು. ಕೂರಲಿಲ್ಲ. ಎಕ್ಸ್‌ಚೇಂಜಿನ ನೆನಪುಗಳನ್ನೆಲ್ಲ ಬರೆದು ಮೂವರು ಪ್ರಕಾಶಕರಿಗೆ ಕಳಿಸಿದಳು. ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಇನ್ನೊಬ್ಬರು ವರ್ಷವಿಡೀ ಇಟ್ಟುಕೊಂಡು 'ಯಾವ ಹಸ್ತಪ್ರತಿ?' ಎಂದು ಕೇಳಿದರು. ಮೂರನೆಯವರು 'ಫೋನಿನ ಕಥೆ ಈಗ ಯಾರಿಗೆ ಬೇಕು ಮೇಡಂ' ಎಂದರು, ಅದನ್ನೂ ಫೋನಿನಲ್ಲೇ. ಹೋಗಲಿ, ನಾನೇ ಅಚ್ಚು ಹಾಕಿಸುತ್ತೇನೆ ಎಂದು ಹಟ ಹಿಡಿದಳು.

ಹಾಗೆ ಹಟ ಹಿಡಿದವರಿಗೆ ಮುಂದೇನು ಕಾದಿದೆ ಎಂದು ಯಾರೂ ಹೇಳಿಕೊಡುವುದಿಲ್ಲ. ಬರೆದವಳೂ ಅವಳೇ, ಕರಡು ತಿದ್ದಿದವಳೂ ಅವಳೇ, ಮುಖಪುಟದಲ್ಲಿ ಪ್ರೆಸ್ಸಿನವರು ಹಾಕಿದ ಮೊಬೈಲ್ ಚಿತ್ರ ನೋಡಿ ಜಗಳ ತೆಗೆದವಳೂ ಅವಳೇ. ಮುನ್ನೂರು ಪ್ರತಿ ಮನೆಗೆ ಬಂದಿಳಿದ ದಿನ ಕಟ್ಟುಗಳು ಮಂಚದ ಕೆಳಗೆ ಸೇರಿ, ಬೀರುವಿನ ಮೇಲೇರಿ, ಕೊನೆಗೆ ಯಜಮಾನರ ಆರಾಮ ಕುರ್ಚಿಯಲ್ಲೂ ಕೂತವು. 'ಇನ್ನು ನಾನೆಲ್ಲಿರಲಿ?' ಎಂದು ಅವರು ನಿಂತೇ ಪೇಪರ್ ಓದಿದರು. ಪುಸ್ತಕದಂಗಡಿಯವನು ಐದು ಪ್ರತಿ ಇಟ್ಟುಕೊಂಡು ಅಡುಗೆ ಪುಸ್ತಕಗಳ ಹಿಂದೆ ತುರುಕಿದ. ಅವಳು ವಾರಕ್ಕೊಮ್ಮೆ ಹೋಗಿ, ಅವನು ಅತ್ತ ತಿರುಗಿದ ಕೂಡಲೇ ಅವನ್ನು ಮುಂದಕ್ಕೆ ಎಳೆದಿಟ್ಟು, ಏನೂ ಗೊತ್ತಿಲ್ಲದವಳ ಹಾಗೆ ಹೊರಗೆ ಬರುತ್ತಿದ್ದಳು. ಮುಂದಿನ ವಾರ ಹೋದರೆ ಅವು ಮತ್ತೆ ಅಡುಗೆ ಪುಸ್ತಕಗಳ ಹಿಂದೆಯೇ ಇರುತ್ತಿದ್ದವು.

ಎರಡು ತಿಂಗಳಲ್ಲಿ ಅಂಗಡಿಯವು ಬಿಟ್ಟು ಅರವತ್ತೆರಡು ಪ್ರತಿ ಕೈಬಿಟ್ಟು ಹೋಗಿದ್ದವು. ಯಾವ ಪ್ರತಿ ಯಾರ ಮನೆಯಲ್ಲಿದೆ ಎಂದು ಅವಳಿಗೆ ಬಾಯಿಪಾಠ. ಕೊಳ್ಳುವಾಗ ಎಲ್ಲರೂ 'ಓದಿ ಹೇಳ್ತೀನಿ' ಎಂದಿದ್ದರು. ಹೇಳಿದವರು ಒಬ್ಬರೂ ಇಲ್ಲ. ಆದರೆ ಅವಳ ಜೀವ ತಿನ್ನುತ್ತಿದ್ದದ್ದು ಆ ಅರವತ್ತೊಂದು ಜನರ ಮೌನವಲ್ಲ, ಉಳಿದೊಬ್ಬಳಾದ ಸ್ವಂತ ಅಕ್ಕನ ಮೌನ.

ಅಕ್ಕನೂ ಅದೇ ಎಕ್ಸ್‌ಚೇಂಜಿನಲ್ಲಿದ್ದವಳು. ಹನ್ನೊಂದು ವರ್ಷ ಇಬ್ಬರೂ ಕಾಲ್ ಜೋಡಿಸುವ ಬೋರ್ಡುಗಳ ಮುಂದೆ ಅಕ್ಕಪಕ್ಕ ಕೂತಿದ್ದರು. ಆ ಕಾಲದಲ್ಲಿ ಹೊಸ ಬೋರ್ಡು ಕೂರಿಸಲು ಬೇರೆ ಊರಿನಿಂದ ಒಬ್ಬ ಇಂಜಿನಿಯರ್ ಬಂದು ಆರು ತಿಂಗಳಿದ್ದ. ಅವನಿಗೂ ಅಕ್ಕನಿಗೂ ಮನಸ್ಸು ಕೂಡಿತ್ತು. ಊರಿಗೆ ಹೋಗಿ ಮನೆಯವರನ್ನು ಒಪ್ಪಿಸಿ ಫೋನ್ ಮಾಡುತ್ತೇನೆ ಎಂದು ಹೋದ. ಅವನ ಫೋನ್ ಬಂದದ್ದು ತಂಗಿಯ ಬೋರ್ಡಿಗೆ. ಅಕ್ಕ ಮದುವೆಯಾಗಿ ದೂರ ಹೋದರೆ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುವುದು ತನ್ನ ಕೊರಳಿಗೇ ಬೀಳುತ್ತದೆ ಎಂದು ಇಪ್ಪತ್ತೆರಡರ ತಂಗಿ ಆ ಫೋನನ್ನು ಅಕ್ಕನಿಗೆ ಕೊಡದೆ ಬೋರ್ಡಿನ ತಂತಿ ಕಿತ್ತು ಲೈನ್ ಕಡಿದಳು. ಆಮೇಲೆ ಎರಡೇ ವರ್ಷಕ್ಕೆ ತಾನು ಮದುವೆಯಾಗಿ ಹೊರಟಳು. ಅಮ್ಮನನ್ನು ನೋಡಿಕೊಂಡದ್ದು ಅಕ್ಕ. ಅಕ್ಕನಿಗೆ ಮದುವೆಯೇ ಆಗಲಿಲ್ಲ.

ಇದನ್ನು ಎದುರಿಗೆ ಕೂತು ಹೇಳಲು ಮೂವತ್ತೆಂಟು ವರ್ಷ ಧೈರ್ಯ ಬಂದಿರಲಿಲ್ಲ. ಬರೆದರೆ ಹೇಳಿದಂತಾಯಿತು ಎಂದುಕೊಂಡಳು. ಪುಸ್ತಕದ ನಟ್ಟನಡುವೆ ಹದಿನಾರು ಪುಟ ಅದಕ್ಕೇ ಮೀಸಲಿಟ್ಟು, ಒಂದು ಪ್ರತಿಯನ್ನು ಅಕ್ಕನಿಗೆ ಕೊರಿಯರ್ ಮಾಡಿದಳು. ಇಪ್ಪತ್ತು ನಿಮಿಷದ ಬಸ್ಸಿನ ದಾರಿಗೆ ಕೊರಿಯರ್! ಅಂದಿನಿಂದ ಅಕ್ಕನ ಫೋನಿಲ್ಲ. ಪ್ರತಿ ಭಾನುವಾರ ಹತ್ತಕ್ಕೆ ತಪ್ಪದೆ ಬರುತ್ತಿದ್ದ ಫೋನು. ಭಾನುವಾರಗಳಂದು ಹಲೋ ಮೇಡಂ ಮುಳ್ಳಿನ ಮೇಲೆ ಕೂತಂತೆ ಕೂತು, ಎದ್ದು, ಮತ್ತೆ ಕೂತು, ಒರೆಸಿದ ಮೇಜನ್ನೇ ಒರೆಸುತ್ತಿದ್ದಳು. ತಾನಾಗಿ ಮಾಡಲು ಬೆರಳು ಏಳುತ್ತಿರಲಿಲ್ಲ.

ಇಂಥದರಲ್ಲಿ ವಾಚನಾಲಯದವರು ಮುಂದಿನ ತಿಂಗಳ ಸಭೆಯಲ್ಲಿ ಪುಸ್ತಕದಿಂದ ನಾಲ್ಕು ಪುಟ ಓದಿ ಎಂದು ಕರೆದರು. ಅಚ್ಚಿನ ತಪ್ಪು ಕಣ್ಣಿಗೆ ಬಿದ್ದರೆ ಹೊಟ್ಟೆ ಉರಿಯುತ್ತದೆಂದು ಅವಳು ಅಲ್ಲಿಯವರೆಗೆ ತನ್ನ ಪುಸ್ತಕವನ್ನೇ ಬಿಡಿಸಿ ನೋಡಿರಲಿಲ್ಲ. ಓದುವ ಪುಟ ಆರಿಸಲು ಮಾರನೆಯ ಬೆಳಿಗ್ಗೆ ಬಿಡಿಸಿದಳು. ಎಂಬತ್ತನೆಯ ಪುಟ ತಿರುವಿದರೆ ತೊಂಬತ್ತೇಳು. ಇನ್ನೊಂದು ಪ್ರತಿ ತೆಗೆದಳು, ಅದೂ ಹಾಗೇ. ಮಂಚದ ಕೆಳಗೆ ತೂರಿ ಒಂದೊಂದೇ ಕಟ್ಟು ಬಿಚ್ಚಿದಳು. ಎಲ್ಲದರಲ್ಲೂ ಅದೇ ಹದಿನಾರು ಪುಟವಿಲ್ಲ.

ಚಪ್ಪಲಿ ಮೆಟ್ಟಿ ಸೀದಾ ಪ್ರೆಸ್ಸಿಗೆ ಹೋದಳು. ಪ್ರೆಸ್ಸಿನವನು ಬೈಂಡಿಂಗ್ ಕೋಣೆಯ ಮೂಲೆಯಿಂದ ಮಡಿಸಿದ ಹಾಳೆಗಳ ರಾಶಿ ಎಳೆದು ತಂದು ಧೂಳು ಕೊಡವಿದ.

'ಒಂದು ಫಾರಂ ಬಿಟ್ಟುಹೋಗಿದೆ ಮೇಡಂ. ಹದಿನಾರು ಪುಟ. ಅಚ್ಚಾಗಿದೆ, ಮಡಿಸಿದೆ, ಹೊಲಿಯೋವಾಗ ಬಿಟ್ಟಿದಾರೆ.'

'ಎರಡು ತಿಂಗಳಾಯ್ತಲ್ಲ ಮಾರಾಯ! ಒಂದು ಮಾತು ಹೇಳ್ಬಾರ್ದಾ?'

'ನನಗೇನು ಗೊತ್ತು? ಓದಿದೋರು ಯಾರೂ ಹೇಳ್ಲಿಲ್ಲ ಅಂದ್ರೆ ಏನೂ ತೊಂದ್ರೆ ಇಲ್ಲ ಅಂತ ತಾನೇ?'

ಅರವತ್ತೆರಡು ಮನೆಗಳಲ್ಲಿ ಒಬ್ಬರಾದರೂ ಎಂಬತ್ತನೆಯ ಪುಟ ಮುಟ್ಟಿದ್ದರೆ ಗೊತ್ತಾಗುತ್ತಿತ್ತು. ನಾಚಿಕೆಯಿಂದ ಮುಖ ಕೆಂಪಾಯಿತು. ಆಟೋದಲ್ಲಿ ರಾಶಿ ಹೇರಿಕೊಂಡು ಬರುವಾಗ ಇನ್ನೊಂದು ಹೊಳೆಯಿತು: ಹಾಗಾದರೆ ಅಕ್ಕನಿಗೆ ವಿಷಯ ಗೊತ್ತೇ ಇಲ್ಲ. ಎದೆಯ ಭಾರ ಇಳಿದಂತಾಗಿ ದಾರಿಯಲ್ಲಿ ಒಬ್ಬಳೇ ನಕ್ಕಳು. ಇಲ್ಲಿಗೇ ಬಿಟ್ಟುಬಿಟ್ಟರೆ ಯಾರಿಗೂ ನಷ್ಟವಿಲ್ಲ. ಹಾಳೆಗಳನ್ನು ರದ್ದಿಗೆ ಹಾಕಿದರೆ ಮುಗಿಯಿತು.

ಆದರೆ ಮನೆಗೆ ಬಂದು, ಅಚ್ಚಾದ ಆ ಪುಟಗಳನ್ನು ಮೊದಲ ಸಲ ಓದಿದಳು. ಚೆನ್ನಾಗಿದ್ದವು. ಸುಳ್ಳೇಕೆ, ಪುಸ್ತಕದಲ್ಲಿ ಜೀವವಿದ್ದದ್ದು ಅಲ್ಲಿ ಮಾತ್ರ. ಉಳಿದದ್ದೆಲ್ಲ ಕಚೇರಿಯ ತಮಾಷೆ. ಅವಳ ಕೈಕಾಲು ಸುಮ್ಮನಿರಲಿಲ್ಲ. ಅಂಜಿಕೆ ದೊಡ್ಡದೋ ಬರೆದವಳ ಚಪಲ ದೊಡ್ಡದೋ ಎಂದು ನೋಡಿದರೆ ಚಪಲವೇ ಗೆದ್ದಿತು. ಮಾರನೆಯ ಬೆಳಿಗ್ಗೆ ಒಂದು ಚೀಲದಲ್ಲಿ ಹಾಳೆ, ಗೋಂದು, ಅಡಿಕೋಲು ತುಂಬಿಕೊಂಡು ಮನೆಮನೆಗೆ ಹೊರಟಳು.

ಮೊದಲು ಎದುರುಮನೆಯ ಟೈಲರಮ್ಮ. ಅವಳು ಬಟ್ಟೆಯ ಅಳತೆಗೆ ಕತ್ತರಿಸಿದ ಕಾಗದಗಳು ಸುರುಳಿಯಾಗದಿರಲೆಂದು ಪುಸ್ತಕವನ್ನು ಅವುಗಳ ಮೇಲೆ ಹೇರಿದ್ದಳು. 'ಒಳ್ಳೇ ಭಾರ ಇದೆ ಮೇಡಂ' ಎಂದು ಮೆಚ್ಚಿಯೂ ಮೆಚ್ಚಿದಳು. ಹಲ್ಲಿನ ಡಾಕ್ಟರರ ಪ್ರತಿ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು. ಅದನ್ನು ಅವಳೇ ಹರಿದು, ಅವರು ಒಬ್ಬನ ಹಲ್ಲು ಕೀಳುವಷ್ಟರಲ್ಲಿ ಅಂಟಿಸಿ ಮುಗಿಸಿದಳು. ಕಚೇರಿಯ ಹಳೆಯ ಮೇಲ್ವಿಚಾರಕಿ ಮಾತ್ರ ಪುಸ್ತಕ ಮುಚ್ಚಿ ಎದೆಗವಚಿಕೊಂಡು 'ಓದಿದೀನಮ್ಮಾ, ಪೂರ್ತಿ ಓದಿದೀನಿ, ಅದ್ಭುತ' ಎಂದರು. 'ಎಂಬತ್ತರಿಂದ ತೊಂಬತ್ತೇಳಕ್ಕೆ ಹಾರಿದ್ದು ಗೊತ್ತಾಗ್ಲಿಲ್ವಾ?' ಎಂದು ಕೇಳಿದರೆ, 'ಹಾರಿತ್ತಾ? ಅದೂ ಚೆನ್ನಾಗೇ ಇತ್ತು' ಎಂದರು.

ಒಂಬತ್ತು ದಿನ ಹೀಗೆ ಸುತ್ತಿದಳು. ಯಜಮಾನರು 'ಬರೆದದ್ದಕ್ಕಿಂತ ಅಂಟಿಸಿದ್ದೇ ಜಾಸ್ತಿಯಾಯ್ತು' ಎಂದರು. ಅರವತ್ತೊಂದು ಮನೆ ಮುಗಿದವು. ಇನ್ನು ಸಬೂಬು ಉಳಿಯಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ ಮಡಿಸಿದ ಹಾಳೆಗಳ ಕೊನೆಯ ಕಂತೆ ಹಿಡಿದು ಬಸ್ಸು ಹತ್ತಿದಳು.

ಅಮ್ಮ ತೀರಿಕೊಂಡ ಮಹಡಿಮನೆಯಲ್ಲೇ ಅಕ್ಕ ಇದ್ದಳು, ಎರಡು ಕೋಣೆ, ಒಂದು ಕಿಟಕಿ. ಬಾಗಿಲು ತೆಗೆದು, 'ಬಂದ್ಯಾ' ಎಂದಳು, ನೀರು ಕೊಡಲಿಲ್ಲ.

'ಪುಸ್ತಕ ಓದಿದ್ಯಾ ಅಕ್ಕ?'

'ಎರಡು ಸಲ ಓದ್ದೆ ಕಣೇ. ಹನ್ನೊಂದು ವರ್ಷ ನಿನ್ನ ಪಕ್ಕದ ಕುರ್ಚೀಲಿ ಕೂತಿದ್ದೆ. ಆಫೀಸಿನ ಬೆಕ್ಕಿನ ಬಗ್ಗೆ ಎರಡು ಪುಟ ಬರ್ದಿದೀಯ. ನನ್ನ ಬಗ್ಗೆ ಒಂದು ಸಾಲಿಲ್ಲ.'

'ಅದಕ್ಕೇ ಫೋನ್ ಮಾಡ್ಲಿಲ್ವಾ?'

'ಮತ್ತಿನ್ಯಾತಕ್ಕೆ?'

ಓದಿದವಳು ಇವಳೊಬ್ಬಳೇ. ಪುಟ ಹಾರಿದ್ದನ್ನು ಕಂಡಿದ್ದಳೋ ಇಲ್ಲವೋ, ತಾನು ಇಲ್ಲದ್ದನ್ನು ಕಂಡಿದ್ದಳು. ಈಗಲೂ ತಪ್ಪಾಯಿತು ಎಂದು ಏನಾದರೂ ಕಥೆ ಕಟ್ಟಿ ಎದ್ದು ಬರಬಹುದಿತ್ತು. ಹಲೋ ಮೇಡಂ ಚೀಲದಿಂದ ಕಂತೆ ತೆಗೆದು ಅಕ್ಕನ ತೊಡೆಯ ಮೇಲಿಟ್ಟಳು. 'ಇದು ಬೈಂಡಿಂಗಿನಲ್ಲಿ ಬಿಟ್ಟುಹೋಗಿತ್ತು' ಎಂದಳು.

ಅಕ್ಕ ಕನ್ನಡಕ ಹಾಕಿಕೊಂಡು ಓದತೊಡಗಿದಳು. ಒಂದು ಕಡೆ ಎರಡು ಪುಟ ಹಿಂದಕ್ಕೆ ಹೋಗಿ ಮತ್ತೆ ಓದಿದಳು. ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ, ಕಿಟಕಿಯ ಹೊರಗೆ ಒಣಹಾಕಿದ್ದ ಬಟ್ಟೆಗಳನ್ನು ಮೂರು ಸಲ ಎಣಿಸಿದಳು. ಓದು ಮುಗಿದ ಮೇಲೂ ಅಕ್ಕ ತಲೆಯೆತ್ತಲಿಲ್ಲ.

'ಅವರು ಏನಂದ್ರು?' ಎಂದು ಕೇಳಿದಳು.

'ಯಾರು?'

'ಫೋನ್ ಬಂತು, ತಂತಿ ಕಿತ್ತೆ ಅಂತ ಬರ್ದಿದೀಯ. ನಿನ್ನ ಪಶ್ಚಾತ್ತಾಪ ಹತ್ತು ಪುಟ ಬರ್ದಿದೀಯ. ಅವರೇನಂದ್ರು ಅನ್ನೋದೇ ಇಲ್ಲವಲ್ಲ.'

'ಇದಾರಾ ಅಂತ ಕೇಳಿದ್ರು. ನಾನು ರಜ ಅಂದೆ. ನೀನು ಪಕ್ಕದಲ್ಲೇ ಇದ್ದೆ ಅಕ್ಕ. ಹಾಗಾದ್ರೆ ನಾಳೆ ಮಾಡ್ತೀನಿ, ಮನೇಲಿ ಒಪ್ಪಿದಾರೆ ಅಂತ ಹೇಳ್ಬಿಡಿ ಅಂದ್ರು.'

'ಮಾರನೇ ದಿನ ಮಾಡಿದ್ರಾ?'

'ಮಾಡಿದ್ರು. ಅದರ ಮಾರನೇ ದಿನಾನೂ ಮಾಡಿದ್ರು. ನಾನು... ನಿನಗೆ ಮದುವೆ ಗೊತ್ತಾಗಿದೆ ಅಂದೆ. ಸ್ವಲ್ಪ ಹೊತ್ತು ಲೈನಲ್ಲೇ ಇದ್ರು. ನಾನೇ ಕಿತ್ತೆ.'

ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ತಂಗಿ ಆ ಕೈ ಹಿಡಿಯಹೋದರೆ ಸರಿಸಿದಳು.

'ಇದನ್ನ ಎಷ್ಟು ಜನಕ್ಕೆ ಕೊಟ್ಟಿದೀಯ?'

'ಅರವತ್ತೊಂದು ಪುಸ್ತಕಕ್ಕೆ ಅಂಟಿಸ್ದೆ.'

'ನಾನು ಅರವತ್ತೆರಡನೇವಳು. ನನಗೆ ಬಂದ ಫೋನು ಕಣೇ ಅದು. ಅವತ್ತು ನನಗೆ ಕೊಡ್ಲಿಲ್ಲ. ಇವತ್ತು ಊರಿಗೆಲ್ಲ ಕೊಟ್ಟು, ಕೊನೇಲಿ ಇಲ್ಲಿಗೆ ತಂದೆ.'

ಅರವತ್ತೊಂದು ಬಾಗಿಲು ತಟ್ಟುವಾಗ ಒಮ್ಮೆಯೂ ತಂಗಿಗೆ ಇದು ಹೊಳೆದಿರಲಿಲ್ಲ.

'ಹೋಗಿ ಕಿತ್ಕೊಂಡು ಬಾ. ಅಷ್ಟೂ ತಂದು ಇಲ್ಲಿಡು. ಆಮೇಲೆ ಕೂತು ಮಾತಾಡೋಣ.'

'ಅಕ್ಕ, ಪುಸ್ತಕದಲ್ಲಿ ಚೆನ್ನಾಗಿರೋದು ಅದೊಂದೇ...' ಎಂದು ಬಾಯಿ ತಪ್ಪಿ ಬಂದುಬಿಟ್ಟಿತು. ಅಂದ ಕೂಡಲೇ ತನ್ನ ಮೇಲೆ ತನಗೇ ಅಸಹ್ಯವಾಯಿತು.

'ಚೆನ್ನಾಗಿದೆ. ಯಾರಾದ್ರೂ ಓದೋಕ್ಕಿಂತ ಮುಂಚೆ ಹೋಗು' ಎಂದಳು ಅಕ್ಕ.

ಬಸ್ಸಿನಲ್ಲಿ ಸೀಟಿದ್ದರೂ ಅವಳು ಕೂರಲಿಲ್ಲ. ಕಂಬಿ ಹಿಡಿದು ನಿಂತು, ನಿಲ್ದಾಣಕ್ಕೆ ಮೊದಲೇ ಬಾಗಿಲಿಗೆ ಬಂದಳು. ಅಕ್ಕನಿಗಾಗಿ ಸಂಕಟ ಪಡುತ್ತಿದ್ದಾಳೋ ಹದಿನಾರು ಪುಟಗಳಿಗಾಗಿಯೋ ಅವಳಿಗೇ ತಿಳಿಯಲಿಲ್ಲ. ಒಂದೇ ಸಮಾಧಾನ ಎಂದರೆ ಯಾರೂ ಓದಿರುವುದಿಲ್ಲ. ಅಂದು ಪ್ರೆಸ್ಸಿನಲ್ಲಿ ನಾಚಿಕೆ ತಂದ ಸಂಗತಿ ಈಗ ಆಸರೆಯಾಗಿತ್ತು. ಹೋಗುವುದು, ಕೀಳುವುದು, ಬರುವುದು, ಅಷ್ಟೇ. ಮನೆಗೂ ಹೋಗದೆ ಮೊದಲು ಎದುರುಮನೆಯ ಬಾಗಿಲು ತಟ್ಟಿದಳು.

ಟೈಲರಮ್ಮನ ಮಿಷಿನ್ ನಿಂತಿತ್ತು. ಪುಸ್ತಕ ಅವಳ ಕೈಯಲ್ಲಿ ತೆರೆದುಕೊಂಡಿತ್ತು.

'ಬನ್ನಿ ಬನ್ನಿ ಹಲೋ ಮೇಡಂ, ನಾನೇ ಬರೋಣ ಅಂತಿದ್ದೆ. ಅಂಟಿಸಿದ್ದು ಹಾಗೇ ನಿಂತಿದ್ಯಾ ನೋಡೋಣ ಅಂತ ಬೆಳಿಗ್ಗೆ ತೆಗ್ದೆ. ಹಾಗೇ ಓದ್ತಾ ಕೂತ್ಬಿಟ್ಟೆ ನೋಡಿ. ಇವತ್ತು ಕೊಡ್ಬೇಕಾದ ಬಟ್ಟೆ ಹಾಗೇ ಬಿದ್ದಿದೆ. ನಿಮ್ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ? ಮುಂದೆ ಓದಿದ್ರೆ ಬರೀ ಬೆಕ್ಕು, ಬರೀ ಆಫೀಸು. ಆಮೇಲೇನಾಯ್ತು ಮೇಡಂ? ನಿಮ್ಮಕ್ಕನಿಗೆ ಗೊತ್ತಾಯ್ತಾ?'

ಆಮೇಲೇನಾಯ್ತು. ಬರೆಯಲು ಕೂತ ದಿನದಿಂದ ಯಾರಾದರೂ ಒಬ್ಬರು ಹೀಗೆ ಕೇಳಲಿ ಎಂದು ಅವಳು ಬಾಯಿ ಬಿಟ್ಟುಕೊಂಡು ಕಾದಿದ್ದಳು. ಕೇಳಿದವಳ ಕಣ್ಣು ನಿಜವಾಗಿಯೂ ತೇವವಾಗಿತ್ತು. ಆ ಸುಖ ಬೆನ್ನಹುರಿಯಲ್ಲಿ ಹರಿದದ್ದನ್ನು ಹಲೋ ಮೇಡಂ ಬೇಡವೆಂದರೂ ತಡೆಯಲಾರದೆ, ಹೊಸ್ತಿಲ ಮೇಲೆ ಒಂದು ಗಳಿಗೆ ಹಾಗೆಯೇ ನಿಂತಳು.

'ಗೊತ್ತಾಯ್ತು' ಎಂದಳು. 'ಆ ಪುಸ್ತಕ ಕೊಡಿ ಇಲ್ಲಿ. ಕತ್ತರೀನೂ ಕೊಡಿ.'