ರೇಣುಕಮ್ಮ ಸೋತ ಓಕುಳಿ

ಮೊಳಕಾಲ್ಮೂರಿನ ಆ ಬೀದಿಯಲ್ಲಿ ರೇಣುಕಮ್ಮನ ಕೈ ನೋಡಿದರೆ ಸಾಕು, ಈ ವಾರ ಮಗ್ಗಕ್ಕೆ ಯಾವ ಬಣ್ಣದ ಸೀರೆ ಏರುತ್ತದೆಂದು ಹೇಳಬಹುದು. ಮೂವತ್ತೊಂದು ವರ್ಷದಿಂದ ಆಕೆ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಾಳೆ. ಕುದಿಯುವ ನೀರಿನಲ್ಲಿ ನೂಲಿನ ಲಡಿಗಳನ್ನು ಮುಳುಗಿಸಿ ಎತ್ತಿ ಎತ್ತಿ ಅವಳ ಉಗುರಿನ ಸಂದಿಯಲ್ಲಿ ನೇರಳೆಯದೋ ಹಸಿರಿನದೋ ಒಂದು ಗೆರೆ ಕಾಯಂ ಆಗಿ ಉಳಿದುಬಿಟ್ಟಿದೆ. ಗಂಡ ಗಂಗರಾಜು ಮಗ್ಗ ನೇಯುತ್ತಾನೆ. ಅವನ ಹೆಸರನ್ನು ನಾವು ಹೀಗೆ ಸಲೀಸಾಗಿ ಹೇಳಬಹುದು. ರೇಣುಕಮ್ಮ ಮಾತ್ರ ಮದುವೆಯಾದಂದಿನಿಂದ ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿದು, "ಇದ್ರಾಗೈತೆ, ನೋಡ್ಕಳ್ರಿ" ಅನ್ನುವ ಹೆಂಗಸು.

ಆ ಹೆಸರಿಗೂ ಓಕುಳಿಗೂ ಒಂದು ನಂಟಿತ್ತು. ಗಂಗರಾಜುವಿನ ತಂಗಿ ರಾಧಮ್ಮನನ್ನು ಚಳ್ಳಕೆರೆಗೆ ಕೊಟ್ಟಿತ್ತು. ಅಲ್ಲಿ ಶೇಂಗಾ ಮಿಲ್ಲಿನಲ್ಲಿ ಕೆಲಸ. ಕಾಮನ ಹುಣ್ಣಿಮೆಯ ಮರುದಿನ ಮೊದಲ ಬಸ್ಸಿಗೇ ತವರಿಗೆ ಬಂದುಬಿಡುತ್ತಿದ್ದಳು, ಅತ್ತಿಗೆಗೆ ಓಕುಳಿ ಎರಚಲು. ಇಬ್ಬರಲ್ಲಿ ಯಾರು ಮೊದಲು ನೆನೆದರೋ ಅವರು ಸೋತಂತೆ. ಸೋತವಳು ಬೀದಿ ನಡುವೆ ನಿಂತು ತನ್ನ ಗಂಡನ ಹೆಸರನ್ನು ಕೂಗಬೇಕು. ರೇಣುಕಮ್ಮ ಒಂದು ವರ್ಷವೂ ಸೋತಿರಲಿಲ್ಲ. ಬಾಗಿಲ ಹಿಂದೆ, ನೀರಿನ ತೊಟ್ಟಿಯ ಮರೆಯಲ್ಲಿ, ಒಂದು ಸಲವಂತೂ ಮಗ್ಗದ ಗುಂಡಿಯಲ್ಲೇ ಚೊಂಬು ಹಿಡಿದು ಅಡಗಿ ಕೂತು ಗೆದ್ದಿದ್ದಳು. ರಾಧಮ್ಮ ಪ್ರತಿ ವರ್ಷ ಕೆಂಪು ನೀರು ಸೋರಿಸಿಕೊಂಡು ನಿಂತು "ಓಬಳೇಶ" ಎಂದು ಗಂಡನ ಹೆಸರು ಕೂಗಿ ಕೂಗಿ, ಕೊನೆಕೊನೆಗೆ ಅವಳಿಗೆ ನಾಚಿಕೆಯೇ ಬಿಟ್ಟುಹೋಗಿತ್ತು. ಬಸ್ಸು ಹತ್ತುವಾಗ ಮಾತ್ರ ತಪ್ಪದೆ, "ಬರೋ ವರ್ಷ ನಿಂಗೈತೆ ಅತ್ತಿಗೆ" ಅನ್ನುತ್ತಿದ್ದಳು.

ಈ ವರ್ಷ ರಾಧಮ್ಮ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಳು. ಎದೆಯಲ್ಲಿ ಗಂಟಾಗಿ, ಒಂದು ಕಡೆಯದನ್ನು ಪೂರ್ತಿ ತೆಗೆದಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಇನ್ನು ಉಣ್ಣಬೇಕು, ಎದ್ದು ಓಡಾಡಬೇಕು ಎಂದು ಡಾಕ್ಟರು ಹೇಳಿ ಹೇಳಿ ದಣಿದರು. ಗೋಡೆ ಕಡೆ ಹೊರಳಿ ಮಲಗಿದವಳು ಈಚೆ ತಿರುಗಲೇ ಇಲ್ಲ. ನೋಡಲು ಹೋದ ರೇಣುಕಮ್ಮನಿಗೂ ಮುಖ ತೋರಿಸದೆ, ಸೆರಗಿನೊಳಗಿಂದಲೇ, "ನನ್ನ ನೋಡಬ್ಯಾಡ, ಹೋಗು. ಯಾರೂ ಬರಬ್ಯಾಡ್ರಿ" ಅಂದಳು. ವಾಪಸು ಬರುವಾಗ ಬಸ್ಸಿನಲ್ಲಿ ರೇಣುಕಮ್ಮ ಅತ್ತಳು. ಹೀಗೇ ಮಲಗಿದರೆ ಇವಳು ಉಳಿಯುವುದಿಲ್ಲ ಎಂದು ಹೆದರಿ ಅತ್ತಳು. ಜಗಳೂರು ದಾಟುವಷ್ಟರಲ್ಲಿ ಅಳು ನಿಂತು ಸಿಟ್ಟು ಬಂತು. ಬರಬೇಡ ಅಂದರೆ ಬರುವುದಿಲ್ಲ, ಆದರೆ ಓಕುಳಿ ಬಿಡುವವಳು ನಾನಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದಳು.

ಮನೆಗೆ ಬಂದವಳೇ, ಆಸ್ಪತ್ರೆಯಲ್ಲಿ ಜೊತೆಗಿದ್ದ ರಾಧಮ್ಮನ ಮಗಳು ಶಿಲ್ಪಾಗೆ ಫೋನು ಮಾಡಿದಳು.

"ವಿಡಿಯೋದಾಗೆ ಓಕುಳಿ ಆಡ್ತೀವಿ. ನೀನು ಫೋನ್ ಹಿಡ್ಕಂಡ್ರೆ ಸಾಕು."

"ಅವ್ವ ನನ್ನ ಮುಖಾನೇ ನೋಡ್ತಿಲ್ಲ ಅತ್ತೆ."

"ನನ್ನ ನೋಡ್ತಾಳೆ. ನೀನು ಹಿಡ್ಕ."

ಫೋನಿನ ಬಣ್ಣವನ್ನು ನಂಬಬಾರದೆಂದು ರೇಣುಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಸೀರೆ ಮಾಡಿಸುವ ಮುರುಗೇಂದ್ರಪ್ಪ ಕಳಿಸಿದ ಫೋಟೋ ನೋಡಿಕೊಂಡು ಹಿಂದೊಮ್ಮೆ ಆರು ಸೀರೆಯ ನೂಲಿಗೆ ಬಣ್ಣ ಹಾಕಿ, ಅದು ದಾಳಿಂಬೆಯ ಬದಲು ಇಟ್ಟಿಗೆ ಬಣ್ಣವಾಗಿ, ಬೈಸಿಕೊಂಡಿದ್ದಳು. ಅದಕ್ಕೇ ಹಬ್ಬಕ್ಕೆ ಮೂರು ದಿನ ಇರುವಾಗಲೇ ಅರಿಶಿನದ ನೀರಿಗೆ ಸುಣ್ಣ ಕಲಸಿದಳು. ಹಳದಿ ನೀರು ಸುಣ್ಣ ಬಿದ್ದೊಡನೆ ಕೆಂಪಾಗುವ ಹಳೆಯ ಓಕುಳಿ ಅದು. ಬಿಳಿ ಬಟ್ಟೆಯ ಚೂರು ಅದ್ದಿ ಶಿಲ್ಪಾಗೆ ಫೋಟೋ ಕಳಿಸಿದಳು.

"ಚಾ ಚೆಲ್ಲಿದಂಗೈತೆ ಅತ್ತೆ" ಅಂದಳು ಶಿಲ್ಪಾ.

ಇನ್ನಷ್ಟು ಅರಿಶಿನ, ಇನ್ನಷ್ಟು ಸುಣ್ಣ. ಮರುದಿನ ಕಿತ್ತಳೆಯಂತೆ ಕಂಡಿತು. ನೂಲಿನ ಬಣ್ಣದ ಡಬ್ಬಿಗಳು ಕೈಗೆಟುಕುವಲ್ಲೇ ಇದ್ದವು, ಒಂದು ಚಮಚ ಸಾಕಿತ್ತು. ಅದನ್ನು ಮುಟ್ಟಲಿಲ್ಲ. ಆಟ ಹೇಗೆ ನಡೆದುಬಂದಿದೆಯೋ ಹಾಗೇ ನಡೆಯಬೇಕು. ಮೂರನೇ ದಿನ "ಈಗ ಓಕುಳಿ ಆತು ನೋಡ್ರಿ" ಎಂದು ಶಿಲ್ಪಾ ಒಪ್ಪಿದಾಗ, ಬಿಂದಿಗೆಯಲ್ಲಿದ್ದದ್ದು ಕಣ್ಣು ಕುಕ್ಕುವಂಥ ಗಾಢ ಕೆಂಪು. ಪಕ್ಕದ ಮನೆಯ ಮುದುಕಿ ಹುಚ್ಚಕ್ಕ ಬಂದು ಬೆರಳದ್ದಿ ನೋಡಿ ಕೈ ಒದರಿದಳು.

"ಇದೇನೇ, ಮೈಗಾ ಗೋಡೆಗಾ? ಸುಣ್ಣ ಉರೀತೈತೆ."

"ಉರೀಲಿ."

ಓಕುಳಿಯ ಬೆಳಿಗ್ಗೆ ಹುಡುಗರು ಪೇಟೆಯ ಬಣ್ಣದ ಪುಡಿ ಹಿಡಿದು ಕುಣಿಯುತ್ತಿದ್ದರು. ಕಾಮನನ್ನು ಸುಟ್ಟ ಬೂದಿ ಇನ್ನೂ ಮೂರು ದಾರಿ ಕೂಡುವಲ್ಲಿ ಬಿದ್ದಿತ್ತು. ಯಾರು ಮೊದಲು ನೆನೆದರೆಂದು ಪ್ರತಿ ವರ್ಷ ತೀರ್ಪು ಕೊಡುವವಳು ಹುಚ್ಚಕ್ಕ; ಹಾಗಾಗಿ ಫೋನನ್ನು ಅವಳ ಕೈಗೇ ಕೊಟ್ಟದ್ದಾಯಿತು. ಮೊದಲಿಗೆ ಅವಳು ತನ್ನ ಕಿವಿಯನ್ನೂ ಮನೆಯ ತಗಡನ್ನೂ ತೋರಿಸಿದಳು. ಆಮೇಲೆ ಸರಿಹೋಯಿತು. ಅತ್ತ ಕಡೆ ಕಂಡದ್ದು ಬಿಳಿ ಗೋಡೆ, ರಾಧಮ್ಮನ ಬೆನ್ನು, ಬಾಚದ ಜಡೆ.

ರೇಣುಕಮ್ಮ ಬಿಂದಿಗೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

"ರಾಧಿ, ಬಿಂದಿಗೆ ನನ್ ತಲೆ ಮ್ಯಾಲೈತೆ. ಹಾಕು ಅಂತ ನೀನಂದ್ರೆ ಹಾಕ್ಕಂಡು ಸೋಲ್ತೀನಿ. ಅನ್ನೋವರ್ಗೂ ಇಳ್ಸಲ್ಲ."

ಕುಣಿಯುತ್ತಿದ್ದ ಹುಡುಗರೂ ನಿಂತು ನೋಡಿದರು. ಒಳಗೆ ಗಂಗರಾಜುವಿನ ಮಗ್ಗ ಮಾತ್ರ ಸದ್ದು ಮಾಡುತ್ತಿತ್ತು. ಹೆಂಗಸರ ಈ ಆಟಕ್ಕೆ ಅವನು ಯಾವತ್ತೂ ಹೊರಗೆ ಬಂದವನಲ್ಲ. ರೇಣುಕಮ್ಮನ ತೋಳು ನಡುಗಿ, ಅಂಚಿನಿಂದ ಕೆಂಪು ಹನಿ ಹಣೆಗೆ ಬಿತ್ತು.

"ಇಳ್ಸೇ, ರಟ್ಟೆ ಬಿದ್ದೋಗ್ತಾವೆ" ಅಂದಳು ಹುಚ್ಚಕ್ಕ.

"ಬೀಳ್ಲಿ."

ಫೋನಿನಿಂದ ಸಣ್ಣ ದನಿ ಬಂತು. "ಇಳ್ಸು ಅತ್ತಿಗೆ. ಸುಮ್ನೆ ಯಾಕೆ."

"ನಾನು ಕೇಳಿದ್ದು ಅದಲ್ಲ."

ರಾಧಮ್ಮ ಮೆಲ್ಲಗೆ, ಎದೆಗೆ ಕೈ ಒತ್ತಿಕೊಂಡು, ಈಚೆ ಹೊರಳಿದಳು. ಬತ್ತಿದ ಮುಖ. ಫೋನನ್ನೇ ದಿಟ್ಟಿಸಿ ನೋಡಿದಳು.

"ಅದೇನು ಅಷ್ಟು ಕೆಂಪು?"

"ನಿಂಗೆ ಕಾಣ್ಲಿ ಅಂತ."

"ಹಾಕ್ಕ" ಅಂದಳು ರಾಧಮ್ಮ.

ರೇಣುಕಮ್ಮ ಬಿಂದಿಗೆ ಬಗ್ಗಿಸಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡರೂ ಕುತ್ತಿಗೆ, ಬೆನ್ನು ಎಲ್ಲ ಚುರುಚುರು ಉರಿಯಿತು. ಹಾಗೇ ನಡೆದುಹೋಗಿ ಬೀದಿ ನಡುವೆ ನಿಂತು, ಗಂಟಲಲ್ಲೇ ಏನೋ ಅಂದಳು.

"ಕೇಳಲಿಲ್ಲ" ಅಂದಳು ತೀರ್ಪಿನ ಹುಚ್ಚಕ್ಕ.

"ಗಂಗರಾಜೂ" ಎಂದು ರೇಣುಕಮ್ಮ ಬೀದಿಯ ಕೊನೆಗೆ ಕೇಳುವಂತೆ ಕೂಗಿದಳು.

ಮಗ್ಗ ನಿಂತಿತು. ಊರೆಲ್ಲ ಅವನನ್ನು ರಾಜಣ್ಣ ಅನ್ನುತ್ತಿತ್ತು. ಪೂರ್ತಿ ಹೆಸರು ಹಿಡಿದು ಕರೆಯುವವರು ಸರ್ಕಾರಿ ಆಫೀಸಿನವರು ಮಾತ್ರ. ಅಂಗಿ ತೊಟ್ಟುಕೊಳ್ಳುತ್ತಲೇ ಓಡಿಬಂದ.

"ಬಂದೆ ಸಾರ್. ಯಾರು ಕರ್ದಿದ್ದು?"

ಎದುರಿಗೆ ನೆತ್ತಿಯಿಂದ ಕಾಲಿನವರೆಗೆ ಕೆಂಪಾದ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದಳು. ಬೀದಿಗೆ ಬೀದಿಯೇ ನಕ್ಕಿತು. ಫೋನಿನಲ್ಲಿ ರಾಧಮ್ಮ ಎದೆಗೆ ದಿಂಬು ಅವುಚಿಕೊಂಡು, ನೋವಿಗೆ ಮುಖ ಕಿವುಚಿಕೊಂಡು, ಆದರೂ ತಡೆಯಲಾರದೆ ನಗುತ್ತಿದ್ದಳು.

ನಗು ನಿಂತ ಮೇಲೆ ಅವಳೇ ತಕರಾರು ತೆಗೆದಳು. "ಇದು ಲೆಕ್ಕಕ್ಕಿಲ್ಲ. ನಿನ್ ಕೈಯಾಗೆ ನೀನೇ ಹಾಕ್ಕಂಡಿದ್ದು. ನಾನು ಬಂದು ನನ್ ಕೈಯಾಗೆ ಹಾಕ್ಬೇಕು. ಏನಂತೀಯ ಹುಚ್ಚಕ್ಕ?"

"ಹೌದು. ಲೆಕ್ಕಕ್ಕಿಲ್ಲ" ಅಂದಳು ಹುಚ್ಚಕ್ಕ.

"ಹಂಗಾದ್ರೆ ನಾನು ಹೆಸರು ಹೇಳಿದ್ದು ದಂಡಾನಾ?" ಅಂದಳು ರೇಣುಕಮ್ಮ.

"ದಂಡ. ಬರೋ ವರ್ಷ ನಿಂಗೈತೆ ಅತ್ತಿಗೆ."

ಆ ಮಾತು ಕೇಳಿ ರೇಣುಕಮ್ಮನಿಗೆ ಜೀವ ಬಂದಂತಾಯಿತು. ಕಣ್ಣೀರು ಫೋನಿಗೆ ಕಾಣಬಾರದೆಂದು ಅತ್ತ ತಿರುಗಿದಳು. ಅಷ್ಟರಲ್ಲಿ ಶಿಲ್ಪಾಳ ದನಿ ಕೇಳಿಸಿತು.

"ಇಡ್ತೀನಿ ಅತ್ತೆ. ಅವ್ವ ಎದ್ದು ಕೂತಾಳೆ, ಗಂಜಿ ಕೇಳ್ತಾಳೆ."