ಅಂಡಮಾನಿಗೆ ಮೊದಲು ಒಂದು ಹೊಳೆ

ಕುಷ್ಟಗಿಯಿಂದ ಗಂಗಾವತಿ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಟಿತು. ನನಗೆ ಸೊನ್ನೆ ರೂಪಾಯಿ ಟಿಕೆಟ್, ನನ್ನ ಗಂಡನಿಗೆ ಪೂರಾ ಟಿಕೆಟ್. "ಹನಿಮೂನಿನ ಅರ್ಧಾ ಖರ್ಚು ಸರಕಾರನ ಕೊಟ್ಟಂಗಾತು ನೋಡು," ಎಂದು ಅವನು ಕಂಡಕ್ಟರನಿಗೂ ಕೇಳುವಂತೆ ಹೇಳಿದ. ಕಂಡಕ್ಟರ್ ನಮ್ಮಿಬ್ಬರ ಮುಖ ನೋಡಿ, ನನ್ನ ತೊಡೆಯ ಮೇಲಿದ್ದ ಬಿಳಿ ಬಟ್ಟೆಯ ಗಂಟು ನೋಡಿ, ನಕ್ಕು ಮುಂದಕ್ಕೆ ಹೋದ.

ಹನಿಮೂನ್ ಎಂದನಲ್ಲ, ಸರಿಯಾಗಿ ಹೇಳಬೇಕೆಂದರೆ ಅದು ಹನಿಮೂನಿನ ತಾಲೀಮು. ಮದುವೆಯಾಗಿ ಇಪ್ಪತ್ತು ದಿನವಾಗಿತ್ತು. ನಮ್ಮ ನಿಜವಾದ ಯೋಜನೆ ದೊಡ್ಡದು. ಜನವರಿಯಲ್ಲಿ ನಾಲ್ಕು ದಿನ ಮುನ್ನಾರಿನ ಗುಡ್ಡ, ಕಾಡು ಸುತ್ತುವುದು. ಅಲ್ಲಿಂದ ಚೆನ್ನೈಗೆ ಬಂದು ಅಂಡಮಾನಿಗೆ ವಿಮಾನ ಹತ್ತುವುದು. ಅಲ್ಲಿ ಎರಡು ತಾಸು ಹಡಗಿನಲ್ಲಿ ಹೋಗಿ ಒಂದು ಸಣ್ಣ ದ್ವೀಪದಲ್ಲಿ ಮೂರು ದಿನ ಇರುವುದು. ವಿಮಾನದ ಟಿಕೆಟ್ ಆಗಿತ್ತು, ಕೋಣೆಗಳಾಗಿದ್ದವು. ಹಡಗಿನ ಟಿಕೆಟ್ ಮಾಡುವುದೊಂದು ಉಳಿದಿತ್ತು.

ಉಳಿದದ್ದು ನನ್ನ ಗಂಡ ಬಸವರಾಜನ ದೆಸೆಯಿಂದ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಬರೆದರೆ ನಡೆಯುತ್ತದೆ ಎಂದುಕೊಂಡಿದ್ದೇನೆ. ಅವನು ಯಲಬುರ್ಗಾದವನು. ಎರೆಹೊಲ, ಜೋಳ, ಕಡಲೆ, ಬೋರ್‌ವೆಲ್ ನೀರು ನೋಡಿ ಬೆಳೆದವನು. ಮೊಣಕಾಲಿಗಿಂತ ಆಳದ ನೀರಿಗೆ ಇಳಿದವನಲ್ಲ. ನಾನು ಗಂಗಾವತಿ ಕಡೆಯ ಸಿದ್ದಾಪುರದವಳು. ನಮ್ಮಲ್ಲಿ ಮಕ್ಕಳು ನಡೆಯುವುದನ್ನು ಕಲಿತ ಮೇಲೆ ಕಲಿಯುವ ಎರಡನೆಯ ವಿದ್ಯೆ ಕಾಲುವೆಯಲ್ಲಿ ಈಜುವುದು. ಸಣ್ಣವಳಿದ್ದಾಗ ಗದ್ದೆಯ ಬದುವಿನ ಮೇಲೆ ಕೂತು, "ಅಪ್ಪಾ, ಈ ನೀರು ಕಡೀಕ ಎಲ್ಲಿಗೆ ಹೋಗತೈತಿ?" ಎಂದು ಕೇಳಿದ್ದೆ. "ಸಮುದ್ರಕ್ಕ," ಎಂದಿದ್ದ ನಮ್ಮಪ್ಪ. ಅವತ್ತಿನಿಂದ ಸಮುದ್ರ ನೋಡುವ ಆಸೆ. ಅಕ್ಕಿ ಗಿರಣಿಯಲ್ಲಿ ಧಾನ್ಯದ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದೆ, ಇಪ್ಪತ್ತೊಂಬತ್ತು ತುಂಬಿತು, ಆದರೂ ನೋಡಿರಲಿಲ್ಲ.

ಕನ್ಯೆ ನೋಡಲು ಬಂದ ದಿನ ಬಸವರಾಜ ನನ್ನನ್ನು, "ನಿಮಗೇನು ಸೇರತೈತಿ?" ಎಂದು ಕೇಳಿದ್ದ. "ಸಮುದ್ರ," ಎಂದಿದ್ದೆ. "ಅದೇನು ದೊಡ್ಡ ಮಾತು? ತೋರಸ್ತೀನಿ ಬರ್ರಿ," ಎಂದುಬಿಟ್ಟ. ಅವನಿಗೆ ನೀರೆಂದರೆ ಎದೆ ನಡುಗುತ್ತದೆ ಎಂಬುದು ಗೊತ್ತಾಗಿದ್ದು ಮದುವೆಯಾಗಿ ಹತ್ತನೆಯ ದಿನ. ಫೋನಿನಲ್ಲಿ ಹಡಗಿನ ಸೀಟು ನೋಡುತ್ತಿದ್ದೆ. ಪಕ್ಕದಿಂದ ಇಣುಕಿ ನೋಡಿ, "ಆ ದ್ವೀಪಕ್ಕ ರಸ್ತಿ ಇಲ್ಲೇನು?" ಎಂದ.

ನಗಬಾರದಿತ್ತು, ನಕ್ಕುಬಿಟ್ಟೆ. ಆಮೇಲೆ ಅವನ ಮುಖ ನೋಡಿ ಸಂಕಟವಾಯಿತು. ಸಣ್ಣ ದ್ವೀಪ ಬಿಡೋಣ, ದೊಡ್ಡ ದ್ವೀಪದ ದಂಡೆಯಲ್ಲೇ ಇದ್ದು ಬರೋಣ ಎಂದೆ. ಅವನು ಒಪ್ಪಲಿಲ್ಲ, ಕೊಟ್ಟ ಮಾತು ಕೊಟ್ಟದ್ದೇ ಎಂದ. ಕೊನೆಗೆ ಒಂದು ಒಪ್ಪಂದವಾಯಿತು. ನಮ್ಮ ಜಿಲ್ಲೆಯಲ್ಲೇ ಒಂದು ದಿನ ಗುಡ್ಡ, ಒಂದು ದಿನ ದ್ವೀಪ: ಆನೆಗೊಂದಿಯ ಹತ್ತಿರದ ಅಂಜನಾದ್ರಿ, ಮಾರನೆಯ ದಿನ ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡೆ. ಅಲ್ಲಿ ಅವನು ತೆಪ್ಪ ಹತ್ತಿದರೆ ಹಡಗಿನ ಟಿಕೆಟ್. ಹತ್ತದಿದ್ದರೆ ಸಣ್ಣ ದ್ವೀಪದ ಕೋಣೆ ರದ್ದು. ನನಗೆ ಆ ದ್ವೀಪ ಬೇಕೇ ಬೇಕಿತ್ತು. ಆದರೆ ಗಂಡನನ್ನು ಹೆದರಿಸಿ ಪಡೆಯುವ ದ್ವೀಪ ಬೇಡವಾಗಿತ್ತು.

ಇನ್ನು ಆ ಗಂಟಿನ ವಿಷಯ. ಹೊಸ ಮದುಮಗಳು ಮೊದಲ ಸಲ ಹೊಳೆ ದಾಟುವಾಗ ಹೊಳೆಗೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ಕುಪ್ಪಸದ ಖಣ. ಹೇಳಿಬರಲು ಯಲಬುರ್ಗಾಕ್ಕೆ ಹೋದಾಗ ಅತ್ತೆ ಅದನ್ನೆಲ್ಲ ತಾವೇ ಕಟ್ಟಿ ಕೊಟ್ಟರು. "ನಡು ಹೊಳಿಗೆ ಹೋಗೂತನಕ ಬಿಚ್ಚಬ್ಯಾಡ್ರಿ. ಬಟ್ಟಿ ನಾಕೂ ಚುಂಗು ಇಬ್ಬರೂ ಎರಡೂ ಕೈಲೆ ಹಿಡೀಬೇಕು. ದಂಡಿಮ್ಯಾಗ ನಿಂತು ನೀರಿಗೆ ಒಗದ್ರ ಅದು ಉಡಿ ಅಲ್ಲವಾ," ಎಂದರು. ಹಾಗೆನ್ನುತ್ತ ಮಾವನ ಕಡೆ ನೋಡಿದರು. ಮಾವ ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿಕೊಂಡರು.

ತಾವರಗೇರಾ, ಕನಕಗಿರಿ ದಾಟಿ, ಸುಮಾರು ಎರಡು ತಾಸಿಗೆ ಗಂಗಾವತಿ ಮುಟ್ಟಿದೆವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಆನೆಗೊಂದಿಗೆ ಆಟೋ ಹಿಡಿದೆವು. ಭತ್ತದ ಕೊಯ್ಲು ಮುಗಿದು ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಆಟೋ ಉಳಿದರ್ಧದಲ್ಲಿ ಓಲಾಡುತ್ತ ಹೋಯಿತು. ಕಾಲುವೆಯ ಸೇತುವೆ ಬಂದಾಗ ಬಸವರಾಜ ಮೆಲ್ಲಗೆ, "ಇದೂ ಹೊಳಿ ನೀರ ಅಲ್ಲೇನು? ಉಡಿ ಇಲ್ಲೇ ಬಿಟ್ರ ನಡೀತೈತಲ್ಲ?" ಎಂದ.

"ನಿಮ್ಮವ್ವಗ ಫೋನ್ ಹಚ್ಚಲೇನ್ರಿ?" ಎಂದೆ.

ಅವನು ಅತ್ತ ತಿರುಗಿ ರಸ್ತೆಯ ಮೇಲಿನ ಭತ್ತ ನೋಡತೊಡಗಿದ.

ಗುಡ್ಡದಲ್ಲಿ ಮಾತ್ರ ಅವನದೇ ದರಬಾರು. ಐನೂರಕ್ಕೂ ಮೇಲೆ ಮೆಟ್ಟಿಲು. ನೂರು ಮುಗಿಯುವುದರೊಳಗೆ ನನಗೆ ಏದುಸಿರು, ಅವನು ಮೇಲೆ ನಿಂತು, "ಏನ್ರಿ ಈಜುಗಾರ್ತಿ, ಇಲ್ಲಿ ನೀರು ಬಿಡಸಬೇಕೇನು?" ಎಂದು ಕೂಗುತ್ತಿದ್ದ. ತುದಿಯಿಂದ ನೋಡಿದರೆ ಬಂಡೆಗಳ ರಾಶಿ, ಬಾಳೆ, ತೆಂಗು, ನಡುವೆ ಹೊಳೆ. ಅವನು ಹೊಳೆಯನ್ನು ಬಹಳ ಹೊತ್ತು ನೋಡಿದ. "ಮ್ಯಾಲಿಂದ ನೋಡಾಕ ಭಾಳ ಛಲೋ ಐತಿ," ಎಂದ.

ಇಳಿಯುವಾಗ ನನ್ನ ಸರದಿ. ಕೆಳಗಿನ ಆಳ ನೋಡಿ ತಲೆ ತಿರುಗಿತು, ಗಾಳಿ ಬೇರೆ. ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಅವನು ಮುಂದೆ ಬಂದು ನಿಂತು, "ಕೆಳಗ ನೋಡಬ್ಯಾಡ. ಕಾಲ ಮುಂದಿನ ಒಂದ ಮೆಟ್ಟಲ ನೋಡು," ಎಂದ. ಅವನ ಕೆಲಸ ಕುಷ್ಟಗಿಯ ಹೊರಗೆ ಮೆಣಸಿನಕಾಯಿ ಬೀಜ ತಯಾರಿಸುವ ಹೊಲದಲ್ಲಿ. ಮೂವತ್ತು ಹೆಣ್ಣುಮಕ್ಕಳು ಚಿಮಟ ಹಿಡಿದು, ಒಂದೊಂದೇ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ, ಇವನು ಮೇಲ್ವಿಚಾರಕ. "ಗಾಳಿ ಬಿಟ್ಟಾಗ ಗಿಡ ಅಲಗಾಡತೈತಿ, ಹೊಸಬರು ಗಾಬರಿ ಆಗ್ತಾರ. ಆಗ ನಾ ಒಂದ ಹೇಳೂದು: ಗಿಡ ನೋಡಬ್ಯಾಡ್ರಿ, ಹೂವು ನೋಡ್ರಿ," ಎಂದ. ಒಂದೊಂದೇ ಮೆಟ್ಟಿಲು ನೋಡುತ್ತ ಇಳಿದೆ. ಆ ಗಳಿಗೆಯಲ್ಲಿ ಇವನನ್ನು ಮದುವೆಯಾದದ್ದು ಒಳ್ಳೆಯದಾಯಿತು ಅನ್ನಿಸಿತು, ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಅವನು ಗುಡ್ಡ ಇಳಿದು ಮುಗಿಯುವವರೆಗೆ ನಗುತ್ತಲೇ ಇದ್ದ.

ಆನೆಗೊಂದಿಯ ಒಂದು ಮನೆಯಲ್ಲಿ ತಂಗಿದೆವು. ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾಲ್ಕು ರೊಟ್ಟಿ ತಿನ್ನುವ ಗಂಡ ಎರಡಕ್ಕೇ ಕೈ ತೊಳೆದ. ಕಾರಣ ಕೇಳಲಿಲ್ಲ, ಗೊತ್ತಿತ್ತು.

ಮರುದಿನ ಬಿಸಿಲು ಹಿತವಾಗಿತ್ತು. ಸಾಣಾಪುರದ ಕಡೆಯಿಂದ ವಿರೂಪಾಪುರಗಡ್ಡೆಗೆ ರಸ್ತೆಯಿದೆ. ಆಟೋ ನೇರ ಒಳಗೇ ಬಿಟ್ಟಿತು. ಬಸವರಾಜ ಇಳಿದು, ಗೆದ್ದವನಂತೆ ಸುತ್ತ ನೋಡಿ, "ದ್ವೀಪಕ್ಕ ಬಂದ್ವಿ, ಕಾಲ ಸೈತ ತೊಯ್ಲಿಲ್ಲ!" ಎಂದ. ಕೊಯ್ದ ಗದ್ದೆಗಳಲ್ಲಿ ಬೆಳ್ಳಕ್ಕಿಗಳು, ಬದುವಿಗೆ ತೆಂಗು, ಆಚೆ ಬಂಡೆಗಳು. ಅಂಡಮಾನಿನ ಚಿತ್ರಗಳಲ್ಲಿ ಇರುವುದರಲ್ಲಿ ಇಲ್ಲಿ ಇಲ್ಲದ್ದು ಉಪ್ಪು ಒಂದೇ ಎಂದೆ. ಒಂದು ತಾಸು ಸುತ್ತಾಡಿದೆವು, ಎಳನೀರು ಕುಡಿದೆವು. ಆಮೇಲೆ ಹೊಳೆ ದಂಡೆಗೆ ಹೋಗಲೇಬೇಕಾಯಿತು.

ಅಲ್ಲಿ ಹುಸೇನಸಾಬ್ ಎಂಬ ಬಿಳಿಗಡ್ಡದ ಅಂಬಿಗ ತೆಪ್ಪ ಬೋರಲು ಹಾಕಿ, ತಳಕ್ಕೆ ಬಳಿದ ಡಾಂಬರು ಒಣಗಿದೆಯೇ ಎಂದು ಬೆರಳು ಮುಟ್ಟಿಸಿ ನೋಡುತ್ತಿದ್ದರು. ಬಿದಿರಿನ ದೊಡ್ಡ ಬುಟ್ಟಿ, ಅಷ್ಟೇ. ಇಬ್ಬರಿಗೆ ನಾನೂರು ಎಂದವರು ಗಂಟು ನೋಡಿ, "ಉಡಿ ಏನ್ರಿ? ಹಂಗಾರ ಮುನ್ನೂರ ಕೊಡ್ರಿ," ಎಂದರು. ಬಸವರಾಜ ಲೈಫ್ ಜಾಕೆಟ್ ಹಾಕಿಕೊಂಡು ಎಲ್ಲ ಪಟ್ಟಿಗಳನ್ನೂ ಎರಡೆರಡು ಸಲ ಬಿಗಿದ. ಅದರ ಮೇಲೆ ಇನ್ನೊಂದು ಹಾಕಿಕೊಳ್ಳಬಹುದೇ ಎಂದು ಕೇಳಿದ.

ನೀರಿಗಿಳಿಸಿದ ತೆಪ್ಪದೊಳಗೆ ಒಂದು ಕಾಲಿಟ್ಟ, ಅದು ಅಲುಗಿತು, ಕಾಲು ತೆಗೆದ. ಮತ್ತೆ ಇಟ್ಟ, ಮತ್ತೆ ತೆಗೆದ. ಹೀಗೆ ಮೂರು ಸಲ. "ಅವಸರ ಇಲ್ರಿ ಯಜಮಾನ್ರ, ಹೊಳಿ ಎಲ್ಲಿಗೂ ಹೋಗೂದಿಲ್ಲ," ಎಂದರು ಹುಸೇನಸಾಬ್. ಡಿಸೆಂಬರಿನ ಬೆಳಿಗ್ಗೆಯಲ್ಲಿ ನನ್ನ ಗಂಡನ ಹಣೆಯ ಮೇಲೆ ಬೆವರು ನಿಂತಿತ್ತು. ನನಗೆ ತಡೆಯಲಾಗಲಿಲ್ಲ. "ಸಾಕ್ರಿ. ಸಣ್ಣ ದ್ವೀಪ ಬ್ಯಾಡ ನನಗ. ನಡೀರಿ, ಊರಿಗೆ ಹೋಗೂಣು," ಎಂದೆ. ಬಾಯಿಮಾತಿಗಲ್ಲ, ಮನಸಾರೆ ಹೇಳಿದೆ.

ಅವನು ನನ್ನನ್ನೊಮ್ಮೆ ನೋಡಿ, ಕಣ್ಣು ಮುಚ್ಚಿ, ಎರಡೂ ಕಾಲು ಒಳಗಿಟ್ಟು ಕೂತೇಬಿಟ್ಟ.

ತೆಪ್ಪ ನಡು ಹೊಳೆಯ ಕಡೆ ಹೊರಟಿತು. ಅವನ ಎರಡೂ ಕೈ ತೆಪ್ಪದ ಅಂಚು ಹಿಡಿದಿದ್ದವು. ಹುಸೇನಸಾಬ್ ಹುಟ್ಟು ತಡೆದು, "ಇದ ನಡು ಹೊಳಿ ನೋಡ್ರಿ. ಒಂದ ಸುತ್ತ ತಿರುಗಸ್ಲೇನು? ಟೂರಿಸ್ಟ್ ಮಂದಿಗೆ ಭಾಳ ಸೇರತೈತಿ," ಎಂದರು.

"ಬ್ಯಾಡ್ರೀ!" ಎಂದು ಬಸವರಾಜ ಕೂಗಿದ ಕೂಗಿಗೆ ಆಚೆ ಬಂಡೆಯ ಮೇಲಿದ್ದ ಬೆಳ್ಳಕ್ಕಿ ಹಾರಿತು.

ನಾನು ಗಂಟು ಬಿಚ್ಚಿ ಬಟ್ಟೆಯ ಮೂಲೆಯ ಎರಡು ಚುಂಗು ಹಿಡಿದೆ. ಉಳಿದೆರಡು ಅವನು ಹಿಡಿಯಬೇಕು. ಹಿಡಿಯಬೇಕೆಂದರೆ ಅಂಚು ಬಿಡಬೇಕು. ಅವನು ನೀರನ್ನೇ ನೋಡುತ್ತಿದ್ದ.

"ಗಾಳಿ ಬಿಟ್ಟಾಗ ನಿಮ್ಮ ಹೆಣ್ಮಕ್ಕಳಿಗೆ ಏನ ಹೇಳ್ತೀರಿ?" ಎಂದೆ.

"ಹೂವು ನೋಡ್ರಿ ಅಂತೀನಿ. ಇಲ್ಲಿ ಹೂವು ಎಲ್ಲೈತಿ?"

"ಅಕ್ಕಿ ಐತಲ್ಲ. ಅಕ್ಕಿ ನೋಡ್ರಿ. ನೀರ ನೋಡಬ್ಯಾಡ್ರಿ."

ಒಂದು ಕೈ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನಾಲ್ಕು ಚುಂಗಿಗೆ ನಾಲ್ಕು ಕೈ. ದಿನಾ ಹೂವು ನೋಡುವಂತೆಯೇ ಅವನು ಅಕ್ಕಿಯನ್ನು ಒಂದೊಂದೇ ಕಾಳು ನೋಡುತ್ತಿದ್ದ. ಆಗಲೇ ನಮಗೆ ಕಂಡದ್ದು: ಅಕ್ಕಿಯ ಪಕ್ಕಕ್ಕೆ ಎರಡು ಖಣಗಳಿದ್ದವು. ಒಂದು ಹೊಸ ಹಸಿರು ಖಣ. ಇನ್ನೊಂದು ಕೆಂಪು, ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಮಾಸಿದ್ದು, ನುಸಿಗುಳಿಗೆ ವಾಸನೆಯದು. "ಎರಡ ಯಾಕ ಇಟ್ಟಾಳ ಅವ್ವ?" ಎಂದ ಬಸವರಾಜ. ನನಗೂ ತಿಳಿಯಲಿಲ್ಲ.

"ಖಣದ ಅರಬಿ ಹೊಳ್ಯಾಗ ಬಿಡಬ್ಯಾಡ್ರಿ. ನೀರಿಗೆ ಮುಟ್ಟಿಸಿ ತಗೊಂಡ ಹೋಗ್ರಿ, ಹೊಳಿ ಪ್ರಸಾದ ಅದು," ಎಂದರು ಹುಸೇನಸಾಬ್. ಹಾಗೇ ಮಾಡಿದೆವು. ಅಕ್ಕಿ, ಉತ್ತತ್ತಿ ಮುಳುಗಿದವು. ಕೊಬ್ಬರಿ ಬಟ್ಟಲು ತೇಲುತ್ತ ಹೊರಟಿತು. ಈ ನೀರು ಕೃಷ್ಣೆಗೆ ಸೇರಿ, ಅಲ್ಲಿಂದ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಅಂಡಮಾನ್ ಇರುವುದೂ ಅದೇ ಸಮುದ್ರದಲ್ಲಿ ಎಂದು ಗಂಡನಿಗೆ ಹೇಳಿದೆ. "ಹಂಗಾರ ಕೊಬ್ಬರಿ ನಮಗಿಂತ ಮೊದಲ ಮುಟ್ಟತೈತಿ," ಎಂದ. ಆಮೇಲೆ ಕೈಗಳನ್ನೊಮ್ಮೆ ನೋಡಿಕೊಂಡ. ಅವು ಏನನ್ನೂ ಹಿಡಿದಿರಲಿಲ್ಲ, ತೊಡೆಯ ಮೇಲಿದ್ದವು.

"ಸಾಹೇಬ್ರ, ಒಂದ ಸುತ್ತ ತಿರುಗಸ್ರಿ," ಎಂದ.

ಹುಸೇನಸಾಬ್ ಒಂದಲ್ಲ, ಐದು ಸುತ್ತು ತಿರುಗಿಸಿದರು. ಬಂಡೆ, ಗುಡ್ಡ, ಆಕಾಶ ಎಲ್ಲ ಗರಗರ. ಕಿರುಚಿದವಳು ನಾನು, ಕಾಲುವೆಯಲ್ಲಿ ಬೆಳೆದ ಈಜುಗಾರ್ತಿ. ಅವನು ಬಾಯಿ ತುಂಬ ನಗುತ್ತಿದ್ದ.

ಮಧ್ಯಾಹ್ನ ಗಂಗಾವತಿಯಿಂದ ಕೊಪ್ಪಳದ ಬಸ್ಸು, ಕೊಪ್ಪಳದಿಂದ ಯಲಬುರ್ಗಾ ಬಸ್ಸು. ಒದ್ದೆ ಖಣಗಳನ್ನು ಮುಂದಿನ ಸೀಟಿನ ಸರಳಿಗೆ ಒಣಹಾಕಿದೆ. ಕೊಪ್ಪಳ ಬಿಡುವಾಗ ಬಸವರಾಜ ತಾನೇ ಫೋನ್ ತೆಗೆದು ಹಡಗಿನ ಟಿಕೆಟ್ ಮಾಡಿದ. ನನಗೆ ಕಿಟಕಿ ಸೀಟು ಆರಿಸಿ, ಅದರ ಪಕ್ಕದ್ದು ತಾನು ಇಟ್ಟುಕೊಂಡ. ಯಲಬುರ್ಗಾ ಬರುವವರೆಗೆ ಆ ಟಿಕೆಟನ್ನು ನಾನು ಹತ್ತು ಸಲವಾದರೂ ತೆಗೆದು ನೋಡಿರಬೇಕು.

ಸಂಜೆ ಮನೆ ಮುಟ್ಟಿದಾಗ ಮಾವ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಅತ್ತೆಯ ಕೈಗೆ ಖಣಗಳನ್ನು ಕೊಟ್ಟು, "ಎರಡ ಯಾಕ ಇಟ್ಟಿದ್ರಿ ಅತ್ತಿ?" ಎಂದು ಕೇಳಿದೆ. ಅವರು ಹಸಿರು ಖಣವನ್ನು ನನಗೆ ಮರಳಿಸಿ, ಕೆಂಪು ಖಣದ ಮೇಲೆ ಕೈಯಾಡಿಸಿದರು.

"ಅದು ನಿಂದು. ಇದು ನಂದು. ಲಗ್ನಾಗಿ ಎಂಟ ದಿನಕ್ಕ ನಾವೂ ಹೊಳಿಗೆ ಹೋಗಿದ್ವಿ. ಇವರು ತೆಪ್ಪದಾಗ ಒಂದ ಕಾಲ ಇಟ್ರು, ತಗದ್ರು. ಇಟ್ರು, ತಗದ್ರು. ಕಡೀಕ ಅಕ್ಕಿ ದಂಡಿಮ್ಯಾಲಿಂದ ಒಗದು, ಬಸ್ಸಿನ ಟೈಮ್ ಆತು ನಡಿ ಅಂದ್ರು. ನಾ ಖಣ ಕೊಡಲಿಲ್ಲ, ವಾಪಸ್ ತಂದೆ. ಮೂವತ್ತೈದ ವರ್ಷ ಟ್ರಂಕಿನ್ಯಾಗ ಇತ್ತು."

"ಬಸ್ಸಿನ ಟೈಮ್ ಖರೇನ ಆಗಿತ್ತು," ಎಂದಿತು ಪೇಪರಿನ ಹಿಂದಿನ ದನಿ.

ನಾವೆಲ್ಲ ನಕ್ಕೆವು. ಅತ್ತೆಯೂ ನಕ್ಕರು, ಆದರೆ ಕಣ್ಣು ತುಂಬಿದ್ದವು. ನಗು ನಿಂತ ಮೇಲೆ ಪೇಪರ್ ನಿಧಾನ ಕೆಳಗಿಳಿಯಿತು. ಮಾವ ಖಣವನ್ನು ನೋಡಿದರು, ಮಗನನ್ನು ನೋಡಿದರು.

"ಬಸಪ್ಪಾ, ತೆಪ್ಪ ಭಾಳ ಅಲಗಾಡತೈತೇನೋ?"

"ಅಲಗಾಡತೈತಪ್ಪಾ," ಎಂದ ಬಸವರಾಜ. "ನೀವು ಅಕ್ಕಿ ನೋಡ್ರಿ. ನೀರ ನೋಡಬ್ಯಾಡ್ರಿ."

ಮಾವ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಎದ್ದು ಅತ್ತೆಯ ಮುಂದೆ ಕೈ ಚಾಚಿದರು. "ತಾ ಇಲ್ಲಿ. ಹೊಲಿಯಾಕ ಕೊಟ್ಟ ಬರ್ತೀನಿ. ಹೊಳಿಗೆ ಹೋಗಬೇಕಾದ್ರ ನಿನಗ ತೊಟ್ಕೊಳ್ಳಾಕ ಬೇಕಲ್ಲ."

"ಸಿಂಪಿಗ್ಯಾರ ಅಂಗಡಿ ಮುಚ್ಚೂ ಹೊತ್ತಾತು. ನಾಳಿ ಕೊಟ್ರಾತು," ಎಂದರು ಅತ್ತೆ.

ಮಾವ ಕೇಳಲಿಲ್ಲ. ಖಣವನ್ನು ಬಗಲಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.